ವೈನಿ ಓದಿದ ‘ಶಿಕಾರಿ’

ಓದಿದ ಪುಸ್ತಕಕ್ಕೆಲ್ಲ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಚಟ ನನಗೆ ಬಹಳ ಕಾಲ ಇತ್ತು. ಉದ್ದನೆಯ ರಿಜಿಸ್ಟರಿನಲ್ಲಿ ಗೀಟು ಎಳೆದು ಹೆಸರು, ಲೇಖಕ, ಪ್ರಕಾರ, ಅಂಕ, ಷರಾ ಎಂದು ಕಾಲಮ್ ಮಾಡಿಕೊಂಡಿದ್ದೆ. ಸರ್ಕಾರಿ ನೌಕರನಿಗೆ ಷರಾ ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ನಾನು ಮೊದಲು ತುಂಬುತ್ತಿದ್ದುದು ‘ಪ್ರಕಾರ’ದ ಕಾಲಮ್ಮು: ನವ್ಯ, ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ, ಮಹಿಳಾ. ಪತ್ತೇದಾರಿಗೆ ನಾಲ್ಕರ ಮೇಲೆ ದಕ್ಕುತ್ತಿರಲಿಲ್ಲ. ‘ಮಹಿಳಾ’ ಎಂದು ಬರೆದದ್ದಕ್ಕೆ ಐದು, ಅದೂ ತ್ರಿವೇಣಿಯವರ ಮುಲಾಜಿಗೆ. ನವ್ಯಕ್ಕೆ ಏಳರಿಂದ ಲೆಕ್ಕ ಶುರು. ಪುಸ್ತಕ ತೆರೆಯುವ ಮೊದಲೇ ಮುಕ್ಕಾಲು ಅಂಕ ಬಿದ್ದಿರುತ್ತಿತ್ತು ಎಂದು ಈಗ ಆ ಹಾಳೆಗಳನ್ನು ತಿರುವಿದರೆ ಗೊತ್ತಾಗುತ್ತದೆ.

ರಿಜಿಸ್ಟರ್ ಹುಟ್ಟಿದ್ದು ಆಂಟಾಪ್ ಹಿಲ್ಲಿನ ಸಿ.ಜಿ.ಎಸ್. ಕಾಲನಿಯಲ್ಲಿ. ಕೇಂದ್ರ ಸರ್ಕಾರದ ನೌಕರರ ವಸತಿ ಅದು. ಸೆಕ್ಟರ್ ಸೆಕ್ಟರಾಗಿ ನಿಂತ ಕಟ್ಟಡಗಳು, ಗೋಡೆಯ ಬಿರುಕಿನಲ್ಲೆಲ್ಲ ಅಶ್ವತ್ಥದ ಸಸಿ, ಮಳೆ ಜೋರಾದರೆ ಏಳನೇ ಸೆಕ್ಟರಿನ ರಸ್ತೆಯಲ್ಲಿ ನೀರು. ಒಂದೇ ಮೆಟ್ಟಿಲಿಗೆ ಮಲಯಾಳಿ, ಬಂಗಾಳಿ, ಬಿಹಾರಿ, ಮರಾಠಿ ಸಂಸಾರಗಳು. ಕನ್ನಡದವರು ಅಲ್ಲೊಂದು ಇಲ್ಲೊಂದು ಮನೆ. ಮಕ್ಕಳನ್ನು ಕನ್ನಡ ಓದಿಸಬೇಕೆಂದವರಿಗೆ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇತ್ತು. ನಾಟಕ, ಉಪನ್ಯಾಸ ಎಂದರೆ ಮಾಟುಂಗದ ಮೈಸೂರು ಅಸೋಸಿಯೇಷನ್. 1926ರಷ್ಟು ಹಳೆಯ ಸಂಸ್ಥೆ ಅದು. ಕಾಲನಿಯೊಳಗೆ ನಮ್ಮದೇ ಒಂದು ಭಾನುವಾರದ ಕೂಟ. ಅದಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಸರದಿಯ ಮೇಲೆ ಒಬ್ಬೊಬ್ಬರ ಮನೆ, ಚಾಪೆ, ಚಹಾ, ಚೂಡಾ. ವರ್ಷದ ಕೊನೆಗೆ ‘ಈ ವರ್ಷ ಓದಿದ್ದು’ ಎಂದು ನಾನು ಮಾತಾಡುವುದು ರೂಢಿಯಾಗಿತ್ತು. ಯಾರೂ ಕೇಳಿಕೊಂಡದ್ದಲ್ಲ. ಮೊದಲ ಸಲ ನಾನೇ ಶುರುಮಾಡಿದೆ, ಆಮೇಲೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ನಮ್ಮದು ಅಂಕೋಲೆಯ ಕಡೆ. ತಂದೆ ಧಾರವಾಡದ ಮನೋಹರ ಗ್ರಂಥಮಾಲೆಯ ಚಂದಾದಾರರು. ಅಂಚೆಯಲ್ಲಿ ಪುಸ್ತಕದ ಕಟ್ಟು ಬಂದ ದಿನ ಮನೆಯಲ್ಲಿ ಹಬ್ಬ. ಆ ಪುಸ್ತಕಗಳ ಒಂದು ಟ್ರಂಕು ನನ್ನೊಡನೆ ಮುಂಬಯಿಗೆ ಬಂದಿತ್ತು. ಕಾಲನಿಯವರಿಗೆ ಅದರಿಂದ ಎರವಲು ಕೊಡುತ್ತಿದ್ದೆ. ಕೊಡುತ್ತಿದ್ದೆ ಎನ್ನುವುದಕ್ಕಿಂತ ಹಂಚುತ್ತಿದ್ದೆ ಎನ್ನಬೇಕು, ಯಾರು ಯಾವುದನ್ನು ಓದಬೇಕೆಂದು ನಾನೇ ಗೊತ್ತುಮಾಡುತ್ತಿದ್ದೆ.

ಕೆಳಗಿನ ಮನೆಯಲ್ಲಿ ವಿಜಾಪುರದ ಕಡೆಯ ಒಂದು ಸಂಸಾರ. ಯಜಮಾನರು ಬೇರೊಂದು ಇಲಾಖೆಯಲ್ಲಿ ಗುಮಾಸ್ತರು, ಮಾತು ಕಡಿಮೆ. ಅವರ ಹೆಂಡತಿಯನ್ನು ಕಾಲನಿಯವರೆಲ್ಲ ವೈನಿ ಎಂದು ಕರೆಯುತ್ತಿದ್ದರು; ನನ್ನನ್ನು ಅವರು ಅಣ್ಣಾರ ಎನ್ನುತ್ತಿದ್ದರು. ವೈನಿಯ ಓದು ಅಗಾಧ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು. ಸಾಯಿಸುತೆ, ಉಷಾ ನವರತ್ನರಾಂ, ಯಂಡಮೂರಿ, ಎಲ್ಲಕ್ಕಿಂತ ಹೆಚ್ಚಾಗಿ ಎನ್. ನರಸಿಂಹಯ್ಯ. ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿ ಬರೆದ, ಶಾಲೆಯಲ್ಲಿ ಹೆಚ್ಚು ಕಲಿಯದ ಆ ಮನುಷ್ಯನ ಹೆಸರು ಹೇಳಿದರೆ ವೈನಿಯ ಮುಖ ಅರಳುತ್ತಿತ್ತು. ಪುರುಷೋತ್ತಮ, ಅರಿಂಜಯ ಎಂದು ಆ ಪತ್ತೇದಾರರನ್ನು ಸೋದರಮಾವಂದಿರ ಹಾಗೆ ಹೆಸರಿಸುತ್ತಿದ್ದರು. ‘ನಿಮ್ಮ ಟ್ರಂಕಿನ್ಯಾಗ ನರಸಿಂಹಯ್ಯನವರದು ಒಂದೂ ಇಲ್ಲೇನ್ರಿ ಅಣ್ಣಾರ?’ ಎಂದು ಅವರು ಕೇಳಿದಾಗ ನಾನು ಕೊಟ್ಟದ್ದು ಯಶವಂತ ಚಿತ್ತಾಲರ ‘ಶಿಕಾರಿ’. ಉದ್ಧಾರ ಮಾಡುವ ಉಮೇದಿನಲ್ಲೇ ಕೊಟ್ಟೆ.

ಓದದವರಿಗೆ ಎರಡು ಮಾತು. ‘ಶಿಕಾರಿ’ 1979ರ ಕಾದಂಬರಿ. ನಮ್ಮದೇ ಮುಂಬಯಿ. ನಾಗಪ್ಪ ಎಂಬ ಕಂಪನಿಯ ಅಧಿಕಾರಿಯನ್ನು ಒಂದು ದಿನ ಕೆಲಸದಿಂದ ದೂರ ಇಡುತ್ತಾರೆ. ಏನು ತಪ್ಪಿಗೆ ಎಂದು ಸರಿಯಾಗಿ ಹೇಳುವವರಿಲ್ಲ. ಯಾರು ಬಲೆ ಹೆಣೆದರು, ಯಾಕೆ ಹೆಣೆದರು ಎಂದು ಅವನು ಮನುಷ್ಯರನ್ನೂ ತನ್ನ ನೆನಪುಗಳನ್ನೂ ಜಾಲಾಡುತ್ತಾನೆ. ಚಿತ್ತಾಲರು 1928ರಲ್ಲಿ ಕುಮಟೆಯ ಹತ್ತಿರದ ಹನೇಹಳ್ಳಿಯಲ್ಲಿ ಹುಟ್ಟಿ, ಪ್ಲಾಸ್ಟಿಕ್ ಉದ್ಯಮದಲ್ಲಿ ರಸಾಯನಶಾಸ್ತ್ರ ಬಲ್ಲ ಅಧಿಕಾರಿಯಾಗಿ ಮೇಲೇರಿದವರು. ಕಂಪನಿಯ ಕೋಣೆಗಳಲ್ಲಿ ಮನುಷ್ಯ ಮನುಷ್ಯನನ್ನು ಬೇಟೆಯಾಡುವ ಬಗೆ ಅವರಿಗೆ ಒಳಗಿನಿಂದ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ವಿಮರ್ಶೆ. ನನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ‘ಅಸ್ತಿತ್ವವಾದ!’, ‘ಕಾಫ್ಕಾ!’ ಎಂದು ಆಶ್ಚರ್ಯಸೂಚಕ ಸಮೇತ ಬರೆದುಕೊಂಡಿದ್ದೆ.

ವೈನಿ ಪುಸ್ತಕ ಮರಳಿಸಲು ಬಂದಾಗ ನಾನು ಬಾಗಿಲಲ್ಲೇ ನಿಂತು ಕೇಳಿದೆ, ಹೇಗಿತ್ತು? ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ನನಗೆ ಈಗಲೂ ಹೆಚ್ಚುಕಡಿಮೆ ಬಾಯಿಪಾಠ:

‘ಇದೂ ಪತ್ತೇದಾರಿನ ಅದ ಬಿಡ್ರಿ ಅಣ್ಣಾರ. ಖೂನಿ ಆಗಿಲ್ಲ, ಕಳವು ಆಗಿಲ್ಲ, ಆದ್ರ ಆರೋಪಿ ಮಾತ್ರ ಸಿಕ್ಕಾನ. ಏನ ತಪ್ಪ ಮಾಡೇನಿ ಅಂತ ಅವನ ಹುಡುಕೋಬೇಕು. ಪತ್ತೇದಾರನೂ ಅವನ, ಕಳ್ಳನೂ ಅವನ. ನಮ್ಮ ಗೌರ್ಮೆಂಟಿನ್ಯಾಗ ಹಂಗಲ್ರಿ, ಸಸ್ಪೆಂಡ್ ಮಾಡಿದ್ರೂ ಮುಂದ ಒಂದಿನ ಕಾಗದ ಕಳಸ್ತಾರ, ಹತ್ತ ದಿನದಾಗ ಉತ್ತರ ಕೊಡ್ರಿ ಅಂತಾರ. ಇವಗ ಅದೂ ಇಲ್ಲ. ರಾತ್ರಿ ಇವರಿಗೆ ಓದಿ ಹೇಳ್ತಿದ್ದೆ. ಅರ್ಧಕ್ಕ ಬ್ಯಾಡ ಅಂದ್ರು.’

ಇಷ್ಟು ಮಾತಿನಲ್ಲಿ ಎಷ್ಟು ವಿಷಯವಿತ್ತು! ಗುಮಾಸ್ತರ ಹೆಂಡತಿಗೆ ಅಮಾನತಿನ ನಿಯಮ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು, ಗಂಡ ಅರ್ಧಕ್ಕೆ ಯಾಕೆ ಬೇಡ ಎಂದರು ಎಂದು ಯಾರಿಗಾದರೂ ಹೊಳೆಯಬೇಕು. ಅದೇ ತಿಂಗಳುಗಳಲ್ಲಿ ಅವರ ಯಜಮಾನರು ಬೆಳಿಗ್ಗೆ ಹನ್ನೊಂದಕ್ಕೆ ಆರೇ ಹಾಲಿನ ಬೂತಿನ ಮುಂದೆ ಸುಮ್ಮನೆ ನಿಂತಿರುವುದನ್ನೂ ನೋಡಿದ್ದೆ, ರಾತ್ರಿ ಪಾಳಿ ಇರಬೇಕು ಎಂದುಕೊಂಡಿದ್ದೆ. ಕಾದಂಬರಿಯಲ್ಲಿ ಒಂದು ಪಾತ್ರ ಹಾಗೆ ನಿಂತಿದ್ದರೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆನೋ ಏನೋ. ಆ ಹೊತ್ತಿನಲ್ಲಿ ನನ್ನ ತಲೆಗೆ ಹೋದದ್ದು ಒಂದೇ ಪದ, ಪತ್ತೇದಾರಿ. ಜೊತೆಗೆ ಒಂದು ಹಾಳೆಯ ಮೂಲೆ ಮಡಚಿದ್ದಕ್ಕೆ ಸಣ್ಣ ಸಿಟ್ಟು.

ಆ ವರ್ಷದ ಕೊನೆಯ ಭಾನುವಾರ ನನ್ನ ಮಾತು. ಕಾಫ್ಕಾನ ‘ದ ಟ್ರಯಲ್’ ಅವನು ಸತ್ತ ಮರುವರ್ಷ, 1925ರಲ್ಲಿ ಅಚ್ಚಾದದ್ದರಿಂದ ಹಿಡಿದು ನಾಗಪ್ಪನವರೆಗೆ ಎಳೆದುಕೊಂಡು ಬಂದೆ. ಕೇಳುವವರು ತೂಕಡಿಸುತ್ತಿದ್ದರು. ಅವರನ್ನು ಎಚ್ಚರಿಸಲು ಒಂದು ಚಟಾಕಿ ಬೇಕಾಯಿತು. ‘ನಮ್ಮ ಕೆಳಮನೆ ವೈನಿ ‘ಶಿಕಾರಿ’ಯನ್ನು ನರಸಿಂಹಯ್ಯನವರ ಕಾದಂಬರಿ ಅಂತ ಓದಿದಾರೆ. ಪತ್ತೇದಾರ ಪುರುಷೋತ್ತಮ ಇನ್ನೂ ಯಾಕೆ ಬರಲಿಲ್ಲ ಅಂತ ಕಾಯ್ತಾ ಇದಾರೆ’ ಎಂದೆ. ಎಲ್ಲರೂ ನಕ್ಕರು. ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿಯೂ ನಕ್ಕಂತೆ ಕಂಡಿತು. ಬಾಗಿಲ ಪಕ್ಕ ಕೂತಿದ್ದ ಅವರ ಯಜಮಾನರು ಬಟ್ಟಲು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನು ‘ಶಿಕಾರಿ’ಗೆ ಹತ್ತಕ್ಕೆ ಒಂಬತ್ತು ಘೋಷಿಸಿ ಮುಂದಿನ ಪುಸ್ತಕಕ್ಕೆ ಹೋದೆ.

ಅವರು ಅಮಾನತಿನಲ್ಲಿದ್ದರು ಎಂದು ಕೂಟದ ಹಿರಿಯರೊಬ್ಬರು ಹೇಳಿದ್ದು ಬಹಳ ದಿನಗಳ ಮೇಲೆ. ಕೂಟದ ಅರ್ಧ ಜನಕ್ಕೆ ಗೊತ್ತಿತ್ತಂತೆ. ಮೊದಲ ಮೂರು ತಿಂಗಳು ಅರ್ಧ ವೇತನದ ರಜೆಗೆ ಸಿಗುವಷ್ಟೇ ಜೀವನಾಧಾರ ಭತ್ಯೆ, ಅದಕ್ಕೂ ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಬರೆದುಕೊಡಬೇಕು. ಆ ಮನೆಯಲ್ಲಿ ರಾತ್ರಿ ನಾಗಪ್ಪನ ಕತೆಯನ್ನು ಓದಿ ಹೇಳುತ್ತಿದ್ದ ಹೆಂಡತಿ, ಕೇಳುತ್ತಿದ್ದ ಗಂಡ. ‘ನೀನು ಹಾಗೆ ಹೇಳಿದಾಗ ಎಲ್ಲರೂ ಯಾಕೆ ಅಷ್ಟು ಜೋರಾಗಿ ನಕ್ಕರು ಗೊತ್ತೇನೋ? ಮುಜುಗರಕ್ಕೆ’ ಎಂದರು ಹಿರಿಯರು.

ವೈನಿ ಆಮೇಲೆ ಪುಸ್ತಕ ಒಯ್ಯಲು ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಊಟ ಆಯ್ತೇನ್ರಿ ಎನ್ನುವುದು ತಪ್ಪಲಿಲ್ಲ. ನಾನು ಕ್ಷಮೆ ಕೇಳಬಹುದಿತ್ತು. ಕೇಳಿದರೆ ಅಮಾನತಿನ ಸಂಗತಿ ನನಗೂ ಗೊತ್ತು ಎಂದು ತೋರಿಸಿದಂತಾಗುತ್ತದಲ್ಲ ಎಂಬ ಸಭ್ಯ ನೆಪ ಸಿಕ್ಕಿತು. ಅದನ್ನೇ ಹಿಡಿದು ಕೂತೆ. ಅಷ್ಟರಲ್ಲಿ ಅವರ ಪ್ರಕರಣ ಮುಗಿದು ವರ್ಗವಾಯಿತು, ಮನೆ ಖಾಲಿ ಮಾಡಿದರು.

ಮುಂದೆ ನನ್ನ ಪಾಳಿ ಬಂತು. ನಮ್ಮ ಶಾಖೆಯಿಂದ ಒಂದು ಕಡತ ಕಾಣೆಯಾಗಿ ನನ್ನ ಹೆಸರಿಗೆ ಮೆಮೋ ಬಂತು. ಅಮಾನತಿನವರೆಗೆ ಹೋಗಲಿಲ್ಲ. ಆದರೆ ಮೇಜು ಬದಲಾಯಿತು, ಕ್ಯಾಂಟೀನಿನಲ್ಲಿ ನನ್ನ ಎದುರಿನ ಕುರ್ಚಿ ಖಾಲಿ ಉಳಿಯತೊಡಗಿತು. ಚೆನ್ನಾಗಿಯೇ ಮಾತಾಡುತ್ತಿದ್ದವರು ಈಗ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದರು. ಅದೇ ಹೆದರಿಕೆ ಹುಟ್ಟಿಸುತ್ತಿತ್ತು. ಆ ದಿನಗಳಲ್ಲಿ ಜಿ.ಟಿ.ಬಿ. ನಗರದಿಂದ ಹಾರ್ಬರ್ ಲೋಕಲ್ ಹತ್ತುವಾಗ ಚೀಲದಲ್ಲಿ ‘ಶಿಕಾರಿ’ ಇಟ್ಟುಕೊಂಡೆ. ವಡಾಲ, ಶಿವಡಿ, ಕಾಟನ್ ಗ್ರೀನ್ ದಾಟುವಷ್ಟರಲ್ಲಿ ಹತ್ತಾರು ಪುಟ. ಕಾಫ್ಕಾ ಎಲ್ಲೂ ಕಾಣಲಿಲ್ಲ. ಯಾರು ಬರೆದುಕೊಟ್ಟಿರಬಹುದು ನನ್ನ ಮೇಲೆ, ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾಗಪ್ಪನ ಹಿಂದೆ ಓಡುತ್ತಿದ್ದೆ. ಸ್ಯಾಂಡ್‌ಹರ್ಸ್ಟ್ ರೋಡ್ ಬರುವ ಹೊತ್ತಿಗೆ ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಸಹೋದ್ಯೋಗಿಗಳ ಹೆಸರು ಬರೆಯುತ್ತಿದ್ದೆ, ಪಕ್ಕದಲ್ಲಿ ಸರಿ, ತಪ್ಪು, ಪ್ರಶ್ನಾರ್ಥಕ. ಆ ಪಟ್ಟಿಯ ಕೊನೆಯಲ್ಲಿ, ನಾನೇ ಎಲ್ಲೋ ಇಟ್ಟು ಮರೆತಿರಬಹುದೇ ಎಂದು ನನ್ನ ಹೆಸರನ್ನೂ ಸೇರಿಸಿದ್ದೇನೆ. ಪತ್ತೇದಾರನೂ ಅವನ, ಕಳ್ಳನೂ ಅವನ.

ವೈನಿ ಮೂಲೆ ಮಡಚಿದ್ದ ಹಾಳೆಯೂ ಸಿಕ್ಕಿತು. ಅಲ್ಲಿಗೇ ಯಜಮಾನರು ಬೇಡ ಎಂದಿರಬೇಕು. ಅದೇ ಹಾಳೆಯ ಅಂಚಿನಲ್ಲಿ ನನ್ನ ಅಕ್ಷರ: ‘ಪರಕೀಯತೆ. ಉತ್ತಮ.’

(ಕಡತ ಕೊನೆಗೆ ಇನ್ನೊಂದು ಶಾಖೆಯ ಬೀರುವಿನಲ್ಲಿ ಸಿಕ್ಕಿತು. ಯಾರೂ ಏನೂ ಹೇಳಲಿಲ್ಲ. ಕ್ಯಾಂಟೀನಿನ ಕುರ್ಚಿ ಭರ್ತಿಯಾಯಿತು.)

ಆಗಿನಿಂದ ಅಂಕ ಬರೆಯುವುದು ನಿಂತಿತು. ಸದ್ಗುಣವೇನೂ ಅಲ್ಲ, ಕೈ ಏಳಲಿಲ್ಲ ಅಷ್ಟೆ. ಅಭಿಪ್ರಾಯ ಮಾತ್ರ ನಿಂತಿಲ್ಲ, ನಿಲ್ಲುವುದೂ ಬೇಡ. ಎಲ್ಲ ಪುಸ್ತಕವೂ ಒಳ್ಳೆಯದೇ ಎನ್ನುವ ಓದುಗನನ್ನು ಕಂಡರೆ ನನಗೆ ಈಗಲೂ ಆಗದು. ನಿವೃತ್ತಿಯ ನಂತರ ಕ್ವಾರ್ಟರ್ಸ್ ಬಿಟ್ಟು ಇದೇ ಆಂಟಾಪ್ ಹಿಲ್ಲಿನ ಇನ್ನೊಂದು ಮಗ್ಗುಲಿಗೆ ಬಂದ ಮೇಲೆ, ಹಿಂದೆ ‘ಪ್ರಕಾರ’ ನೋಡಿ ಬದಿಗಿಟ್ಟದ್ದನ್ನೆಲ್ಲ ಒಂದೊಂದಾಗಿ ಓದುತ್ತಿದ್ದೇನೆ.

ತೇಜಸ್ವಿಯವರ ‘ಜುಗಾರಿ ಕ್ರಾಸ್’ಗೆ ನನ್ನ ರಿಜಿಸ್ಟರಿನಲ್ಲಿ ‘ಲಘು, ರೋಚಕ, ಐದು’ ಎಂದಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿಯ ಒಂದೇ ದಿನದ ಕತೆ. ಬೆನ್ನಟ್ಟುವಿಕೆ, ಹಳೆಯ ಪದ್ಯದ ಒಗಟು, ಕೊಲೆಗಡುಕರು, ರೈಲು ಎಲ್ಲ ಇದೆ. ಅದರ ಕೆಳಗೆ ಕಾಡಿನ ಮಾಲು ಯಾರ್ಯಾರ ಕೈ ದಾಟಿ ಎಲ್ಲಿಗೆ ಹೋಗುತ್ತದೆ, ಬೆಳೆದವನಿಗೆ ಏನು ಉಳಿಯುತ್ತದೆ ಎಂಬ ಲೆಕ್ಕ ಇದೆ. ಓಟ ಇಲ್ಲದಿದ್ದರೆ ಆ ಲೆಕ್ಕವನ್ನು ಯಾರೂ ಓದುತ್ತಿರಲಿಲ್ಲ. ಪತ್ತೇದಾರಿಯ ಉಪಯೋಗ ವೈನಿಗೆ ಗೊತ್ತಿದ್ದಂತೆ ತೇಜಸ್ವಿಗೂ ಗೊತ್ತಿತ್ತು.

ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಬೇರೆ ಜಾತಿ. ಕೃಷಿ ವಿಜ್ಞಾನಿ ಬರೆದ ಥ್ರಿಲ್ಲರ್. ಹದಿಮೂರನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆಯಂಥದ್ದು ಇದೆ. ಮೆಕ್ಕೆಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿ ಇಳಿದದ್ದು 1492ರಲ್ಲಿ. ಹಾಗಾದರೆ ಹೊಯ್ಸಳ ಶಿಲ್ಪಿ ಅದನ್ನು ಎಲ್ಲಿ ನೋಡಿದ? ಅದು ತೆನೆಯೇ ಅಲ್ಲ, ಮುತ್ತಿನ ಕಲ್ಪಿತ ಫಲ ಎನ್ನುವ ವಿದ್ವಾಂಸರೂ ಇದ್ದಾರೆ. ಪ್ರಶ್ನೆ ಸೊಗಸಾಗಿದೆ. ಪಾತ್ರಗಳು ಮಾತ್ರ ಆ ಪ್ರಶ್ನೆಯನ್ನು ಹೊತ್ತು ಊರಿಂದೂರಿಗೆ ತಿರುಗುವ ಹಮಾಲರು. ಯಾರಿಗೂ ಹೊಟ್ಟೆನೋವು ಬರುವುದಿಲ್ಲ, ಹೆಂಡತಿ ನೆನಪಾಗುವುದಿಲ್ಲ. ಆದರೂ ಒಂದೇ ಪಟ್ಟಿಗೆ ಮುಗಿಸಿದೆ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಐತಿಹಾಸಿಕ ಕಾದಂಬರಿ ಎಂದರೆ ರಾಜರ ಕತೆ ಎಂಬ ನನ್ನ ತಿಳಿವಳಿಕೆಯನ್ನು ಕೆಡಿಸಿತು. ಲಿಸ್ಬನ್ನಿನ ನದಿದಂಡೆಯಲ್ಲಿ ಹೆದರಿ ಬದುಕುವ ಯಹೂದಿಗಳು, ಇತ್ತ ವಿಜಯನಗರದ ಸಾಮಾನ್ಯರು, ನಡುವೆ 1510ರಲ್ಲಿ ಪೋರ್ಚುಗೀಸರ ಕೈಗೆ ಬಿದ್ದ ಗೋವೆ. ಹಡಗಿನ ಭಾಗಗಳು ನನ್ನನ್ನು ಹಿಡಿದುಹಾಕಿದವು. ಎರಡು ಹೊಳೆಯ ಜನರನ್ನು ಒಟ್ಟು ಸೇರಿಸುವ ಅವಸರದಲ್ಲಿ ಕೊನೆಕೊನೆಗೆ ಕಾಕತಾಳೀಯಗಳು ಹೆಚ್ಚಾದವು ಎಂಬ ತಕರಾರು ನನ್ನದು. ಮಗಳು ಒಪ್ಪುವುದಿಲ್ಲ. ನನ್ನ ವಾದ ನಾನು ಬಿಟ್ಟಿಲ್ಲ.

ಬಾನು ಮುಷ್ತಾಕ್ ಅವರ ಕತೆಗಳ ಎದುರು ನನ್ನ ಷರಾ: ‘ಸಮಸ್ಯಾ ಕಥೆ’. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕಾಲನಿಯ ಹಳಬರೊಬ್ಬರು ಫೋನ್ ಮಾಡಿ, ‘ನೀನು ಎಷ್ಟು ಕೊಟ್ಟಿದ್ದೆ?’ ಎಂದು ಕೆಣಕಿದರು. ಬಹುಮಾನ ಬಂತೆಂದು ಅಭಿಪ್ರಾಯ ಬದಲಿಸುವುದು ಇನ್ನೊಂದು ಬಗೆಯ ಸೋಮಾರಿತನ. ಹಾಗಾಗಿ ಕನ್ನಡದಲ್ಲೇ ಮತ್ತೆ ಓದಿದೆ. ಕೆಲವು ಕತೆಗಳಲ್ಲಿ ಹೇಳಬೇಕಾದ್ದನ್ನು ಲೇಖಕಿಯೇ ಮುಂದೆ ಬಂದು ಹೇಳಿಬಿಡುತ್ತಾರೆ ಎಂದು ಈಗಲೂ ಅನ್ನಿಸುತ್ತದೆ. ಆದರೆ ‘ಎದೆಯ ಹಣತೆ’ಯಲ್ಲಿ ಗಂಡನ ಮನೆಯೂ ತವರೂ ಕೈಬಿಟ್ಟ ಮೆಹರುನ್ ಸಾಯಲು ಹೊರಟಾಗ ಹಿರಿಯ ಮಗಳು ತಡೆಯುವ ಜಾಗವಿದೆ. ಅಲ್ಲಿ ನಾನು ಪುಸ್ತಕ ಮುಚ್ಚಿ ಎದ್ದು ಬಾಲ್ಕನಿಗೆ ಹೋಗಬೇಕಾಯಿತು. ಅರ್ಧಕ್ಕೆ ಬ್ಯಾಡ ಎನ್ನುವುದೆಂದರೆ ಇದೇ ಇರಬೇಕು.

ಜಯಂತ ಕಾಯ್ಕಿಣಿಯವರದು ಮಾತ್ರ ನನಗೆ ಹಳೆಯ ಜಗಳ. ಗೋಕರ್ಣದವರು, ಚಿತ್ತಾಲರ ಹನೇಹಳ್ಳಿಗೆ ಕೂಗಳತೆ. ಇಬ್ಬರೂ ರಸಾಯನ ಓದಿ ಮುಂಬಯಿಯ ಕಾರ್ಖಾನೆ ಕೆಲಸಕ್ಕೆ ಬಂದವರು, ಇಬ್ಬರೂ ಇದೇ ಲೋಕಲ್ಲುಗಳಲ್ಲಿ ನೇತಾಡಿದವರು. ಒಬ್ಬರಿಗೆ ಈ ಊರು ಬೇಟೆಯ ಕಾಡು, ಇನ್ನೊಬ್ಬರಿಗೆ ಅಪರಿಚಿತರು ಪರಸ್ಪರ ಕೈ ಹಿಡಿಯುವ ಜಾಗ. ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಅನಾಥ ಹುಡುಗ ಹುಡುಗಿ ಮದುವೆಯ ಕಾಗದದಲ್ಲಿ ಯಾವ ಅಡ್ಡಹೆಸರು ಹಾಕಿಸಬೇಕೆಂದು ಪೇಚಾಡುತ್ತಾರೆ. ಇಷ್ಟು ಸಣ್ಣ ತೊಡಕಿನಿಂದ ಇಡೀ ನಗರವನ್ನು ಎತ್ತಿ ತೋರಿಸುವುದು ಅವರೊಬ್ಬರಿಗೇ ಸಾಧ್ಯ. ಆದರೆ ಅವರ ಕತೆಗಳಲ್ಲಿ ಕೆಟ್ಟವರು ಕಡಿಮೆ. ನನ್ನಂಥವನೊಬ್ಬ, ಚಟಾಕಿಯ ಆಸೆಗೆ ಪಕ್ಕದ ಮನೆಯವರನ್ನು ಸುಟ್ಟು ಚಹಾ ಕುಡಿಯುವವನು, ಅಲ್ಲಿ ಯಾಕೆ ಸಿಗುವುದಿಲ್ಲ?

ವೈನಿಯನ್ನು ಮತ್ತೆ ನೋಡಿದೆ. ಮಾಟುಂಗದಲ್ಲಿ ಒಂದು ಮದುವೆ, ಪಂಕ್ತಿಯಲ್ಲಿ ಪಕ್ಕದ ಎಲೆ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಧೈರ್ಯ ಮಾಡಿ, ‘ಆ ಭಾನುವಾರ ನಾನು ನಿಮ್ಮ ಬಗ್ಗೆ...’ ಎಂದು ಶುರುಮಾಡಿದೆ. ಅವರು ಪಾಯಸಕ್ಕೆ ಕೈ ಅಡ್ಡ ಹಿಡಿದು ಬೇಡವೆಂದು, ನನ್ನ ಮಾತನ್ನೂ ಅದೇ ಕೈಯಿಂದ ತಡೆದರು.

‘ಆ ಪುಸ್ತಕದಾವರು ಇಲ್ಲೇ ಬಾಂದ್ರಾದಾಗ ಇದ್ರಂತಲ್ರಿ ಅಣ್ಣಾರ. ನೀವು ಒಮ್ಮಿ ಕರಕೊಂಡ ಹೋಗಬೇಕಿತ್ತು ನೋಡ್ರಿ. ಕೇಳಾಕಿ ಇದ್ದೆ.’

‘ಏನು ಕೇಳ್ತಿದ್ರಿ?’

‘ಯಾರ ಮಾಡಿದ್ದು ಅಂತ. ಇವರಿಗೂ ತಿಳೀಬೇಕಿತ್ತು.’

ಚಿತ್ತಾಲರು 2014ರಲ್ಲೇ ಹೋಗಿದ್ದರು. ಕಾಲನಿಯಿಂದ ಬಾಂದ್ರಾ ಎಷ್ಟು ದೂರ! ಅವರ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ನನಗೆ ಒಮ್ಮೆಯೂ ಹೋಗಬೇಕು ಅನ್ನಿಸಿರಲಿಲ್ಲ, ಕೇಳುವುದಕ್ಕೆ ನನ್ನ ಬಳಿ ಪ್ರಶ್ನೆಯೇ ಇರಲಿಲ್ಲ.

ಏಳುವಾಗ ವೈನಿ, ‘ಯಂಡಮೂರಿದು ‘ತುಳಸಿದಳ’ ಓದೀರೇನು?’ ಎಂದರು. ಇಲ್ಲ ಎಂದೆ. ಓದದೆಯೇ ಎರಡು ಅಂಕ ಕೊಟ್ಟದ್ದನ್ನು ಹೇಳಲಿಲ್ಲ. ‘ಓದ್ರಿ, ಹಗಲೊತ್ತು ಓದ್ರಿ’ ಎಂದು ನಕ್ಕರು.

ಮೊನ್ನೆ ತರಿಸಿ ಓದಿದೆ, ರಾತ್ರಿಯೇ. ಪುಟ್ಟ ಹುಡುಗಿಯ ಮೇಲೆ ಮಾಟ, ಕಾಷ್ಮೋರ, ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಮಂತ್ರವಾದಿ. ಭಾಷೆ ಸಡಿಲ, ಮಾತುಗಳು ಸಿನಿಮಾದವು, ಅಧ್ಯಾಯಕ್ಕೊಂದು ಧಾರಾವಾಹಿಯ ಕೊಕ್ಕೆ. ಕೆಟ್ಟ ಕಾದಂಬರಿ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ. ಬಚ್ಚಲಿನ ದೀಪ ಬೆಳಗಿನವರೆಗೆ ಉರಿಯುತ್ತಲೇ ಇತ್ತು ಎಂದು ಹೆಂಡತಿ ಕರೆಂಟು ಬಿಲ್ಲಿನ ಮಾತು ತೆಗೆದಾಗ, ಮರೆತೆ ಎಂದೆ.